ಹೆಬ್ಬೆರಳಿನವರೆಗೆ ಹರಿಯುವ ನೋವು

ಪ್ರಶ್ನೆ: ನನಗೆ 42 ವರ್ಷ, ಕೊಬ್ಬರಿ ಸಾಗಿಸುವ ಲಾರಿಯ ಚಾಲಕ. ಮೂರು ವಾರಗಳಿಂದ ಎಡ ಪೃಷ್ಠದಲ್ಲಿ ಶುರುವಾಗುವ ನೋವು ಕರೆಂಟ್ ಹೊಡೆದಂತೆ ಕಾಲಿನ ಹೆಬ್ಬೆರಳಿನವರೆಗೆ ಹರಿಯುತ್ತದೆ. ಕೆಮ್ಮಿದರೆ ಇನ್ನೂ ಜೋರು. ಒಂದು ತಿಂಗಳು ಹಲಗೆಯ ಮೇಲೆ ಮಲಗು ಎನ್ನುತ್ತಾರೆ ಅತ್ತೆ. ಎಂಆರ್‌ಐ ಮಾಡಿಸಲೇ?
– ಓದುಗ, ತಿಪಟೂರು

ಉತ್ತರ: ಅತ್ತೆಯವರ ಕಾಳಜಿಗೆ ನಮಸ್ಕಾರ, ಹಲಗೆ ಮಾತ್ರ ಬೇಡ. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಚೇತರಿಕೆ ತಡವಾಗುತ್ತದೆ. ನಿಮ್ಮ ವಿವರಣೆ ಸಯಾಟಿಕಾದಂತಿದೆ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು. ಸೊಂಟದ ಕೆಳಭಾಗದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿ ನರದ ಬೇರನ್ನು ಒತ್ತುವುದು ಇದಕ್ಕೆ ಸಾಮಾನ್ಯ ಕಾರಣ. ಹೆಬ್ಬೆರಳಿನ ಕಡೆ ಹೋಗುವ ನೋವು ಹೆಚ್ಚಾಗಿ ಐದನೆಯ ಸೊಂಟದ ನರದ್ದು. ಕೆಮ್ಮಿದಾಗ ಒಳಗಿನ ಒತ್ತಡ ಏರುತ್ತದೆ, ನರ ಚೀರುತ್ತದೆ.

ಬಹುತೇಕರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತದೆ. ಆದ್ದರಿಂದ ಎಂಆರ್‌ಐ ಅವಸರವಿಲ್ಲ. ನೋವೇ ಇಲ್ಲದವರ ಚಿತ್ರದಲ್ಲೂ ಉಬ್ಬಿದ ಡಿಸ್ಕ್ ಕಾಣುವುದುಂಟು. ಆದರೆ ವೈದ್ಯರೊಬ್ಬರು ನಿಮ್ಮ ಕಾಲನ್ನು ಎತ್ತಿ, ಪಾದದ ಬಲ ನೋಡಲೇಬೇಕು. ನೋವಿನ ಮಾತ್ರೆಯನ್ನೂ ಅವರನ್ನು ಕೇಳಿಯೇ ನುಂಗಿ.

ಸದ್ಯಕ್ಕೆ ಮೂಟೆ ಎತ್ತಬೇಡಿ. ಹಿಂಬದಿ ಜೇಬಿನ ಪರ್ಸ್ ತೆಗೆದಿಡಿ (ಚಾಲಕರು ಇದನ್ನು ಏಕೋ ಒಪ್ಪುವುದೇ ಇಲ್ಲ). ಗಂಟೆಗೊಮ್ಮೆ ಲಾರಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ. ಬ್ರೇಕ್, ಕ್ಲಚ್ ಒತ್ತಲು ಕಾಲು ತಡವರಿಸುತ್ತಿದ್ದರೆ ಲಾರಿ ಹತ್ತಲೇಬೇಡಿ.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ಸಂದಿ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲೋಡು ಇಳಿಸಿ ಹೋಗುತ್ತೇನೆ ಎನ್ನಬೇಡಿ.