ಹೆಸರು ಬದಲಿಸಿ ಅಂದರು, ಆಗಲ್ಲ ಅಂದ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಡೆಟ್ರಾಯ್ಟ್ ಊರಿನ ‘ಡೆತ್’ ಅನ್ನೋ ಬ್ಯಾಂಡ್ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದರ ಬಗ್ಗೆಯೇ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ಎರಡು ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. ಯಾರಿವರು? ಬ್ಯಾಂಡಿಗೆ ಸಾವು ಅಂತ ಯಾರಾದರೂ ಹೆಸರಿಡ್ತಾರಾ? (ಓದುಗರು, ಶಿವಮೊಗ್ಗ)

ಉತ್ತರ: ಮೂವರು ಅಣ್ಣತಮ್ಮಂದಿರು. ಡೇವಿಡ್, ಡ್ಯಾನಿಸ್, ಬಾಬಿ ಹ್ಯಾಕ್ನಿ. ಕಪ್ಪು ಜನಾಂಗದ ಕುಟುಂಬ. 1964ರಲ್ಲಿ ಬೀಟಲ್ಸ್ ಮೊದಲ ಸಲ ಅಮೆರಿಕದ ಟಿವಿಯಲ್ಲಿ ಬಂದಾಗ ಅಪ್ಪ ಮಕ್ಕಳನ್ನು ಟಿವಿ ಮುಂದೆ ಕೂರಿಸಿ ತೋರಿಸಿದರು. ಮಾರನೇ ದಿನ ಡೇವಿಡ್‌ಗೆ ಓಣಿಯಲ್ಲಿ ಯಾರೋ ಎಸೆದಿದ್ದ ಗಿಟಾರ್ ಸಿಕ್ಕಿತು. ಕಥೆಗೆ ಬೇಕಾದ ಹಾಗೆ ಸಿಕ್ಕಿದೆ ಅಂತ ನಿಮಗೂ ಅನಿಸಬಹುದು, ಆದರೆ ಮನೆಯವರು ಹೇಳೋದು ಹಾಗೇ.

ಮೊದಲು ಅವರ ಹೆಸರು ‘ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್’. ಹೆಸರೇ ಹೇಳೋ ಹಾಗೆ ಫಂಕ್, ಅಂದರೆ ಕುಣಿಸೋ ತಾಳದ ಸಂಗೀತ ನುಡಿಸುತ್ತಿದ್ದರು. ಆಮೇಲೆ ಡೇವಿಡ್‌ಗೆ ರಾಕ್ ಹುಚ್ಚು ಹಿಡಿಯಿತು. ಅವನು ಗಿಟಾರ್, ಬಾಬಿ ಬೇಸ್ ಗಿಟಾರ್ ಮತ್ತು ಹಾಡು, ಡ್ಯಾನಿಸ್ ಡ್ರಮ್ಸ್. ಅಭ್ಯಾಸ ಮನೆಯ ಒಂದು ರೂಮಿನಲ್ಲಿ, ಮೊದಲ ಕಾರ್ಯಕ್ರಮಗಳು ಗ್ಯಾರೇಜಿನಲ್ಲಿ. ಡೆಟ್ರಾಯ್ಟ್ ಅಂದರೆ ಕಪ್ಪು ಗಾಯಕರ ಹಾಡಿಗೆ ಹೆಸರಾದ ಮೋಟೌನ್ ರೆಕಾರ್ಡ್ ಕಂಪನಿ ಹುಟ್ಟಿದ ಊರು. ಕಪ್ಪು ಹುಡುಗರು ಅಂದಮೇಲೆ ‘ಸೋಲ್’ ಅನ್ನೋ ಶೈಲಿಯ ನಯವಾದ ಹಾಡು ಹಾಡಬೇಕು ಅನ್ನೋದು ಎಲ್ಲರ ಲೆಕ್ಕ. ಇವರು ನೋಡಿದರೆ ಕಿವಿ ಹರಿಯೋ ಹಾಗೆ ಗಿಟಾರ್ ಬಾರಿಸುತ್ತಿದ್ದರು.

ಇನ್ನು ಹೆಸರು. ಅಪ್ಪ ಅಪಘಾತದಲ್ಲಿ ಹೋದರು. ಅದಾದ ಮೇಲೆ ಡೇವಿಡ್ ತಲೆಯಲ್ಲಿ ಸಾವಿನ ವಿಚಾರ ಕೂತುಬಿಟ್ಟಿತು. ಸಾವು ಅಂದರೆ ಹೆದರೋದು ಯಾಕೆ, ಅದನ್ನು ಒಳ್ಳೆಯದರ ಕಡೆಗೆ ತಿರುಗಿಸೋಣ ಅನ್ನೋದು ಅವನ ವಾದ. ತಮ್ಮಂದಿರನ್ನು ಒಪ್ಪಿಸೋಕೇ ಸಾಕುಬೇಕಾಯಿತಂತೆ. ನಮ್ಮಲ್ಲಿ ಸೂತಕದ ಮನೆಯಲ್ಲೂ ಆ ಪದ ಬಾಯಿಗೆ ಬರಲ್ಲ. ‘ಹೋಗಿಬಿಟ್ಟರು’, ‘ತೀರಿಕೊಂಡರು’ ಅಂತೀವಿ. ಅಂಥದ್ದನ್ನು ಪೋಸ್ಟರ್ ಮೇಲೆ ದಪ್ಪಕ್ಷರದಲ್ಲಿ ಬರೆಸೋದು ಅಂದರೆ!

1975ರಲ್ಲಿ ಡೆಟ್ರಾಯ್ಟಿನ ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರುವಾಯಿತು. ಹನ್ನೆರಡು ಹಾಡು ಮಾಡೋದು ಅಂತ ಇತ್ತು, ಆಗಿದ್ದು ಏಳು. ಸೋದರರು ಹೇಳುವ ಪ್ರಕಾರ ರೆಕಾರ್ಡ್ ಕಂಪನಿಗಳ ದೊಡ್ಡ ಕುಳ ಕ್ಲೈವ್ ಡೇವಿಸ್‌ಗೆ ಹಾಡು ಹಿಡಿಸಿತ್ತು, ಹೆಸರು ಹಿಡಿಸಲಿಲ್ಲ. ಬದಲಿಸಿ ಅಂದರು. ಡೇವಿಡ್ ಆಗಲ್ಲ ಅಂದ. ಅಲ್ಲಿಗೆ ಅದು ಮುಗಿಯಿತು. 1976ರಲ್ಲಿ ತಾವೇ ‘ಟ್ರೈಯಾಂಗಲ್’ ಅಂತ ಲೇಬಲ್ ಹಾಕಿ, ಎರಡು ಹಾಡಿನ ಒಂದು ಸಣ್ಣ ರೆಕಾರ್ಡ್ ಒತ್ತಿಸಿದರು. ಒಟ್ಟು 500 ಪ್ರತಿ. 1977ಕ್ಕೆ ಬ್ಯಾಂಡ್ ನಿಂತೇ ಹೋಯಿತು, ಮೂವರೂ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ಗೆ ಹೋದರು. ಅಲ್ಲಿ ‘ಫೋರ್ತ್ ಮೂವ್‌ಮೆಂಟ್’ ಅಂತ ಹೆಸರಿಟ್ಟುಕೊಂಡು ದೇವರ ಹಾಡಿನ ರಾಕ್ ಮಾಡಿದರು. 1982ರಲ್ಲಿ ಡೇವಿಡ್ ಡೆಟ್ರಾಯ್ಟಿಗೆ ವಾಪಸ್. ಉಳಿದಿಬ್ಬರು ಅಲ್ಲೇ ನಿಂತು ‘ಲ್ಯಾಂಬ್ಸ್‌ಬ್ರೆಡ್’ ಅನ್ನೋ, ಜಮೈಕಾದ ರೆಗೆ ಶೈಲಿಯ ಬ್ಯಾಂಡ್ ನಡೆಸಿಕೊಂಡು ಸಂಸಾರ ಮಾಡಿದರು. ಹಳೇ ಬ್ಯಾಂಡಿನ ಸುದ್ದಿಯನ್ನು ಮಕ್ಕಳ ಹತ್ತಿರ ಕೂಡ ಎತ್ತಲಿಲ್ಲ.

2000ದಲ್ಲಿ ಡೇವಿಡ್ ಶ್ವಾಸಕೋಶದ ಕ್ಯಾನ್ಸರಿನಿಂದ ಹೋದ. ಅದಕ್ಕೂ ಮುಂಚೆ ಮೂಲ ಟೇಪುಗಳನ್ನು ಬಾಬಿ ಕೈಗೆ ಕೊಟ್ಟು, ಜೋಪಾನ ಮಾಡು, ಒಂದಲ್ಲ ಒಂದು ದಿನ ಜನ ಇದನ್ನು ಹುಡುಕಿಕೊಂಡು ಬರ್ತಾರೆ ಅಂದಿದ್ದನಂತೆ. ಬಾಬಿ ತಗೊಂಡು ಅಟ್ಟಕ್ಕೆ ಹಾಕಿದ. ಅಣ್ಣನ ಮಾತು ನಂಬಿ ಅಲ್ಲ, ಅಣ್ಣನ ವಸ್ತು ಅಂತ ಇರಬೇಕು.

ಈ ನಡುವೆ ಆ 500 ರೆಕಾರ್ಡುಗಳಲ್ಲಿ ಕೆಲವು ಹಳೇ ರೆಕಾರ್ಡ್ ಹುಚ್ಚಿನವರ ಕೈ ಸೇರಿ, ಒಂದೊಂದಕ್ಕೆ ನೂರಾರು ಡಾಲರ್ ಬೆಲೆ ಬಂದಿತ್ತು. ಯಾರೋ ಇಂಟರ್‌ನೆಟ್‌ಗೂ ಹಾಕಿದ್ದರು. 2008ರಲ್ಲಿ ಬಾಬಿಯ ಮಗ ಜೂಲಿಯನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಪಾರ್ಟಿಗೆ ಹೋಗಿದ್ದ. ಅಲ್ಲಿ ಒಂದು ಹಾಡು ಹಾಕಿದರು. ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ನೋಡಿದರೆ ಅವನ ಅಪ್ಪನದ್ದೇ! ಅಟ್ಟದಿಂದ ಟೇಪು ಇಳಿಯಿತು. 2009ರಲ್ಲಿ ಡ್ರ್ಯಾಗ್ ಸಿಟಿ ಕಂಪನಿ ಏಳೂ ಹಾಡನ್ನು ಆಲ್ಬಮ್ ಮಾಡಿ ಹೊರಗೆ ತಂದಿತು. ಅಷ್ಟರಲ್ಲೇ ಬಾಬಿಯ ಮಕ್ಕಳು ಆ ಹಾಡುಗಳನ್ನು ನುಡಿಸೋಕೆ ಅಂತಲೇ ‘ರಫ್ ಫ್ರಾನ್ಸಿಸ್’ ಅಂತ ಬ್ಯಾಂಡ್ ಕಟ್ಟಿದರು. ಬಾಬಿ, ಡ್ಯಾನಿಸ್ ಇಬ್ಬರೂ ಅದೇ 2009ರಲ್ಲಿ ಬೇರೆ ಗಿಟಾರಿನವನನ್ನು ಸೇರಿಸಿಕೊಂಡು ಮತ್ತೆ ವೇದಿಕೆ ಹತ್ತಿದರು.

ಪ್ರಶ್ನೆ: ಪಂಕ್ ಸಂಗೀತ ಹುಟ್ಟಿಸಿದ್ದೇ ಇವರು ಅಂತ ಓದಿದೆ. ಹೌದಾ? (ಓದುಗರು, ಮೈಸೂರು)

ಉತ್ತರ: ಸ್ವಲ್ಪ ಜಾಸ್ತಿ ಆಯ್ತು. ಪಂಕ್ ಅಂದರೆ ವೇಗದ, ಒರಟು ರಾಕ್. ಪಂಕ್‌ನ ಮೊದಲಿಗರು ಅಂತ ಹೆಸರಾದ ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡಿನ ಮೊದಲ ಆಲ್ಬಮ್ ಬಂದದ್ದು 1976ರಲ್ಲಿ, ಇವರು ರೆಕಾರ್ಡ್ ಮಾಡಿದ್ದು 1975ರಲ್ಲಿ. ಆ ಮಟ್ಟಿಗೆ ಮುಂದಿದ್ದರು, ನಿಜ. ಆದರೆ ಅದೇ ಡೆಟ್ರಾಯ್ಟ್ ಸುತ್ತಮುತ್ತ ಎಂಸಿ5, ಸ್ಟೂಜಸ್ ಬ್ಯಾಂಡುಗಳು ಅದಕ್ಕೂ ಮೊದಲೇ ಹೀಗೆ ಗಲಾಟೆ ಎಬ್ಬಿಸಿದ್ದವು. ಇನ್ನೊಂದು ಮಾತು, 500 ಪ್ರತಿಯ ರೆಕಾರ್ಡ್ ಕೇಳಿ ಯಾರು ಏನು ಕಲಿತಾರು? ಹುಟ್ಟಿಸಿದರು ಅನ್ನೋಕಾಗಲ್ಲ. ಯಾರಿಗೂ ಗೊತ್ತಾಗದ ಹಾಗೆ ಮೊದಲೇ ಅಲ್ಲಿಗೆ ಹೋಗಿ ನಿಂತಿದ್ದರು.

ಪ್ರಶ್ನೆ: ಡೇವಿಡ್‌ದು ಬರೀ ಹಟ ಅಲ್ವಾ? ತಮ್ಮಂದಿರ ಬದುಕು ಹಾಳು ಮಾಡಿದ. (ಓದುಗರು, ಹುಬ್ಬಳ್ಳಿ)

ಉತ್ತರ: ಹಟವೇ. ನಾನು ಅವನ ತಮ್ಮನಾಗಿದ್ದರೆ ಜಗಳ ಆಡುತ್ತಿದ್ದೆ. ಆದರೆ ಬಾಬಿ, ಡ್ಯಾನಿಸ್ ಅವತ್ತು ಅಣ್ಣನ ಜೊತೆಗೇ ನಿಂತರು. ಹೆಸರು ಬದಲಿಸಿದ್ದರೆ ಗೆಲ್ಲುತ್ತಿದ್ದರು ಅನ್ನೋದೂ ಬರೀ ನಮ್ಮ ಲೆಕ್ಕ. ಒಳ್ಳೇ ಹೆಸರಿಟ್ಟುಕೊಂಡು ಮುಳುಗಿದ ಬ್ಯಾಂಡ್ ಎಷ್ಟಿಲ್ಲ?

ಪ್ರಶ್ನೆ: ಕಾಲೇಜಿನಲ್ಲಿ ನಾವು ನಾಲ್ವರು ಆರ್ಕೆಸ್ಟ್ರಾ ಕಟ್ಟಿದ್ದೆವು. ಎರಡು ವರ್ಷ ಗಣೇಶನ ಪೆಂಡಾಲು, ಒಂದೆರಡು ಮದುವೆ, ಅಷ್ಟೇ. ನಾವೇ ಬರೆದ ಮೂರು ಹಾಡಿನ ಕ್ಯಾಸೆಟ್ ಒಂದು ಉಳಿದಿದೆ. ಮಗ ನಗುತ್ತಾನೆ. ಇಟ್ಟುಕೊಳ್ಳಲಾ, ಎಸೆಯಲಾ? (ಓದುಗರು, ದಾವಣಗೆರೆ)

ಉತ್ತರ: ಮೇಲಿನದ್ದೆಲ್ಲ ಓದಿದ ಮೇಲೂ ಕೇಳ್ತೀರಲ್ಲ ಸಾರ್! ಮೊದಲು ಕ್ಯಾಸೆಟ್ಟಿನ ಸಣ್ಣ ಕಿಟಕಿಯಿಂದ ಒಳಗಿನ ಟೇಪು ನೋಡಿ, ಬಿಳಿ ಬೂಷ್ಟು ಹಿಡಿದಿದ್ದರೆ ಪ್ಲೇಯರಿಗೆ ಹಾಕಲೇಬೇಡಿ, ಗೊತ್ತಿರೋರ ಹತ್ತಿರ ಕೊಡಿ. ಚೆನ್ನಾಗಿದ್ದರೆ ಪ್ಲೇಯರಿನಲ್ಲಿ ಟೇಪಿಗೆ ತಾಗುವ ಹೆಡ್ಡನ್ನು ಸ್ಪಿರಿಟ್ ಮುಟ್ಟಿಸಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಕ್ಯಾಸೆಟ್ ಹಾಕಿ ಕೊನೆವರೆಗೆ ಓಡಿಸಿ ವಾಪಸ್ ಸುತ್ತಿ. ಆಮೇಲೆ ಒಂದು ವೈರ್ ಎಳೆದು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಿ. ಎಂಪಿ3 ಆಮೇಲೆ ಮಾಡಿ, ಮೊದಲು ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲೇ ಇರಲಿ. ಉಳಿದ ಮೂವರಿಗೂ ಒಂದೊಂದು ಕಾಪಿ ಕಳಿಸಿ. ಕಂಪ್ಯೂಟರಿಗೆ ಬಂತು ಅಂತ ಕ್ಯಾಸೆಟ್ ಬಿಸಾಕಬೇಡಿ. ಅದರ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತಲ್ಲ, ಅವನ್ನು ಇವತ್ತೇ ಮುರಿದುಬಿಡಿ, ಆಗ ಅದರ ಮೇಲೆ ಮತ್ತೆ ರೆಕಾರ್ಡ್ ಆಗಲ್ಲ. ಇಲ್ಲದಿದ್ದರೆ ನಿಮ್ಮ ಮಗ ಯಾವತ್ತೋ ಒಂದು ದಿನ ಆಟಕ್ಕೆ ರೆಕಾರ್ಡಿಂಗ್‌ನ ಕೆಂಪು ಬಟನ್ ಒತ್ತಿಬಿಟ್ಟಾನು.