ಕಚೇರಿಯ ವಿಳಂಬಕ್ಕೂ ಸಂಶೋಧನೆ ಬೇಕೇ? – ಸಂಪಾದಕರ ಉತ್ತರ

ಮಾನ್ಯರೇ,

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಿಂದ ತಾವು ಬರೆದ ಪತ್ರ ತಲುಪಿದೆ. ಸರ್ಕಾರಿ ಕಚೇರಿಗಳ ಆಡಳಿತವನ್ನು ಕುರಿತ ಸಮಾಜವಿಜ್ಞಾನ ಸಂಶೋಧನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನ ತಮಗೆ ಹಿಡಿಸಿಲ್ಲ. ತಂದೆಯವರು ತೀರಿಕೊಂಡ ಮೇಲೆ ತೋಟದ ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಲು, ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಅಲೆದು ಬೇಸತ್ತಿರುವ ತಾವು, ‘ಕೆಲಸ ಏಕೆ ಆಗುವುದಿಲ್ಲವೆಂಬುದು ಸಾಲಿನಲ್ಲಿ ನಿಂತವನಿಗೆ ಗೊತ್ತು, ಅದನ್ನು ಹೇಳಲು ಪ್ರಾಧ್ಯಾಪಕರು ಅನುದಾನ ಪಡೆದು ಸಂಶೋಧನೆ ಮಾಡಬೇಕೇ?’ ಎಂದು ಕೇಳಿದ್ದೀರಿ. ಹೆಬ್ಬೆಟ್ಟಿನ ಹಾಜರಾತಿ ಯಂತ್ರ, ಖಡಕ್ ಅಧಿಕಾರಿ ಮತ್ತು ಖಾಸಗಿ ಕಂಪನಿಯ ಮಾದರಿಯ ಆಡಳಿತ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ತಮ್ಮ ನಿಲುವು. ಇದೇ ಧಾಟಿಯಲ್ಲಿ ಮೂಡಿಗೆರೆ, ಬೇಲೂರು, ಅರಕಲಗೂಡಿನ ಓದುಗರೂ ಬರೆದಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ವಿಳಂಬವಿದೆ ಎಂದು ತಿಳಿಯಲು ಸಂಶೋಧನೆ ಬೇಕಿಲ್ಲ ಎಂಬ ತಮ್ಮ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒಂದು ಪರಿಹಾರವನ್ನು ಕಚೇರಿಯ ಮೇಲೆ ಹೇರಿದಾಗ, ಆ ಕಚೇರಿ ಪರಿಹಾರವನ್ನೇ ಏನು ಮಾಡಿಬಿಡುತ್ತದೆ ಎಂಬುದು ಸಾಲಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ಎಷ್ಟೋ ಸಲ ಆದೇಶ ಹೊರಡಿಸಿದವರಿಗೂ ಕಾಣುವುದಿಲ್ಲ. ತಾವು ಸೂಚಿಸಿರುವ ಹಾಜರಾತಿ ಯಂತ್ರವನ್ನೇ ತೆಗೆದುಕೊಳ್ಳೋಣ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಸೇವಾ ಮಂದಿರ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ, ಆರೋಗ್ಯ ಉಪಕೇಂದ್ರಗಳ ದಾದಿಯರ ಹಾಜರಾತಿಯನ್ನು ದಿನಾಂಕ ಮತ್ತು ಸಮಯ ಮುದ್ರಿಸುವ ಯಂತ್ರದಿಂದ ದಾಖಲಿಸುವ ಪ್ರಯೋಗ ನಡೆಸಿದರು. ಗೈರುಹಾಜರಿ ಮಿತಿ ಮೀರಿದರೆ ಸಂಬಳ ಕಡಿತ ಮಾಡುವುದಾಗಿ ಜಿಲ್ಲೆಯ ಆರೋಗ್ಯ ಆಡಳಿತವೂ ಒಪ್ಪಿತ್ತು. ಮೊದಲ ಕೆಲವು ತಿಂಗಳು ಹಾಜರಾತಿ ಚೆನ್ನಾಗಿಯೇ ಏರಿತು. ಸುಮಾರು 16 ತಿಂಗಳು ಕಳೆಯುವಷ್ಟರಲ್ಲಿ ಯಂತ್ರವಿದ್ದ ಕೇಂದ್ರಕ್ಕೂ ಇಲ್ಲದ ಕೇಂದ್ರಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಸ್ವಾರಸ್ಯವಿರುವುದು ಇದರ ಕಾರಣದಲ್ಲಿ. ದಾಖಲೆಯಲ್ಲಿ ಗೈರುಹಾಜರಿ ಹೆಚ್ಚಿರಲಿಲ್ಲ. ಸಭೆ, ಸಮೀಕ್ಷೆ, ಅನ್ಯ ಕರ್ತವ್ಯ ಎಂಬ ಹೆಸರಿನಲ್ಲಿ ಮೇಲಿನವರೇ ಮಂಜೂರು ಮಾಡಿದ ‘ವಿನಾಯಿತಿ’ಯ ದಿನಗಳು ಹೆಚ್ಚಿದ್ದವು. ಯಂತ್ರ ನಿಯತ್ತಾಗಿ ತನ್ನ ಕೆಲಸ ಮಾಡಿದರೂ ಅದರ ಹಿಂದಿದ್ದ ಸಹಿ ಅದನ್ನು ನಿರರ್ಥಕಗೊಳಿಸಿತು.

ಉದಯಪುರ ದೂರವಾಯಿತು ಎನ್ನುವುದಾದರೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದು, ಅವುಗಳಲ್ಲಿ 140ಕ್ಕೆ ಬೆರಳಚ್ಚಿನ ಯಂತ್ರ ಕೊಟ್ಟು, ಉಳಿದವನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟು ನಡೆಸಿದ ಅಧ್ಯಯನವನ್ನು ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಪ್ರಕಟಿಸಿದ್ದಾರೆ. ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ಔಷಧ ವಿತರಕರ ಹಾಜರಾತಿ ಸುಧಾರಿಸಿತು, ವೈದ್ಯರದ್ದು ಸುಧಾರಿಸಲಿಲ್ಲ. ಹಳ್ಳಿಗೆ ಬರುವ ವೈದ್ಯರೇ ವಿರಳವಾಗಿರುವಾಗ ಅವರ ರಜೆ ಕತ್ತರಿಸಿ, ಸಂಬಳ ಹಿಡಿದು, ಇರುವವರನ್ನೂ ಕಳೆದುಕೊಳ್ಳಲು ಯಾವ ಇಲಾಖೆ ತಾನೇ ಮುಂದಾಗುತ್ತದೆ? ಹಾಗಿದ್ದೂ ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಕಡಿಮೆ ತೂಕದ ಶಿಶುಗಳ ಜನನ ಇಳಿಯಿತು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ಆದ್ದರಿಂದ ಯಂತ್ರ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅದು ಯಾರನ್ನು ಕಟ್ಟಿಹಾಕುತ್ತದೆ, ಯಾರು ಅದರಿಂದ ನುಣುಚಿಕೊಳ್ಳುತ್ತಾರೆ ಎಂಬುದು ಊಹೆಯಿಂದ ತಿಳಿಯುವ ಸಂಗತಿಯಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಖಡಕ್ ಅಧಿಕಾರಿಯ ಮಾತಿಗೆ ಬರುತ್ತೇನೆ. ಅಂಥವರು ಬಂದಾಗ ಕಚೇರಿಯ ಬಾಗಿಲು ಹತ್ತು ಗಂಟೆಗೆ ಸರಿಯಾಗಿ ತೆರೆಯುವುದನ್ನು ಹಾಸನದವರಾದ ನಾವೂ ನೋಡಿದ್ದೇವೆ, ಅವರು ವರ್ಗವಾಗಿ ಹೋದ ಮೇಲೆ ಏನಾಗುತ್ತದೆಂಬುದನ್ನೂ ನೋಡಿದ್ದೇವೆ. ಐಎಎಸ್ ಅಧಿಕಾರಿಗಳ ಸೇವಾ ದಾಖಲೆಗಳನ್ನು ಪರಿಶೀಲಿಸಿದ ಲಕ್ಷ್ಮಿ ಅಯ್ಯರ್ ಮತ್ತು ಆನಂದಿ ಮಣಿ, ಒಂದು ಹುದ್ದೆಯಲ್ಲಿ ಅಧಿಕಾರಿಯೊಬ್ಬರು ಇರುವುದು ಸರಾಸರಿ 16 ತಿಂಗಳು ಮಾತ್ರವೆಂದೂ, ಹೊಸ ಮುಖ್ಯಮಂತ್ರಿ ಬಂದಾಗ ವರ್ಗಾವಣೆ ಏರುತ್ತದೆಂದೂ ತೋರಿಸಿದ್ದಾರೆ. ಇದಕ್ಕೂ ಬಹಳ ಮೊದಲು, 1982ರಲ್ಲೇ, ರಾಬರ್ಟ್ ವೇಡ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ನೀರಾವರಿ ನಾಲೆಗಳ ಆಡಳಿತವನ್ನು ಹತ್ತಿರದಿಂದ ಕಂಡು, ವರ್ಗಾವಣೆಯೇ ಒಂದು ವ್ಯಾಪಾರವಾಗಿರುವ ಬಗೆಯನ್ನು ಬಿಡಿಸಿಟ್ಟಿದ್ದರು. ಹುದ್ದೆಗೆ ಕೊಟ್ಟ ಹಣವನ್ನು ಕೆಳಗಿನಿಂದ ಎತ್ತಲೇಬೇಕಾದ ವ್ಯವಸ್ಥೆಯಲ್ಲಿ ಒಬ್ಬರ ಪ್ರಾಮಾಣಿಕತೆಗೆ ಎಷ್ಟು ಜಾಗವಿರುತ್ತದೆ ಎಂಬುದನ್ನು ನಾಲೆಯ ಕೊನೆಯಲ್ಲಿ ಜಮೀನಿರುವ ರೈತರಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ತಮ್ಮ ಪೌತಿ ಖಾತೆ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದಾಗ, ಪಹಣಿ ಪ್ರತಿ 15 ರೂಪಾಯಿಗೆ ಕೈಗೆ ಸಿಗುವಂತಾಯಿತು. ಅದಕ್ಕಾಗಿ ಗ್ರಾಮ ಲೆಕ್ಕಾಧಿಕಾರಿಯನ್ನು ಹುಡುಕಿಕೊಂಡು ಹೋಗುವ ಕಾಲ ಮುಗಿಯಿತು. ಅದು ಸಣ್ಣ ಸಾಧನೆಯಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನೂ ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ಕ್ರಮವನ್ನು ತಂತ್ರಾಂಶದೊಳಗೇ ಅಳವಡಿಸಲಾಯಿತು. ಆದರೆ ವಂಶವೃಕ್ಷ ಸರಿಯಿದೆಯೇ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಸೇರಿದೆಯೇ, ಸ್ವಾಧೀನದಲ್ಲಿ ಯಾರಿದ್ದಾರೆ ಎಂಬ ಸ್ಥಳ ವಿಚಾರಣೆಯನ್ನು ಗಣಕಯಂತ್ರ ಮಾಡಲಾರದು. ಅದು ಹಿಂದೆ ಯಾರ ಕೈಯಲ್ಲಿತ್ತೋ ಇಂದಿಗೂ ಅವರ ಕೈಯಲ್ಲೇ ಇದೆ. ಲೆಕ್ಕಾಧಿಕಾರಿ ಎಂಬ ಪದನಾಮ ಹೋಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ, ಅಷ್ಟೆ. ಪಹಣಿಯ ಕಿಟಕಿಯ ಮುಂದಿನ ಸಾಲು ಕರಗಿದ್ದನ್ನು ಕಂಡು ಇಡೀ ಕಂದಾಯ ಇಲಾಖೆಯೇ ಸುಧಾರಿಸಿತೆಂದು ಬರೆದವರೂ ಇದ್ದಾರೆ. ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿದ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಅದಕ್ಕೆ ವಿರುದ್ಧವಾಗಿ, ದಾಖಲೆಗಳು ಒಂದೆಡೆ ಸೇರಿದ್ದರಿಂದ ದೊಡ್ಡ ಕುಳಗಳಿಗೆ ಜಮೀನು ಕೈವಶ ಮಾಡಿಕೊಳ್ಳುವುದು ಸುಲಭವಾಯಿತೆಂದು ವಾದಿಸಿದರು. ನನ್ನ ಮಟ್ಟಿಗೆ, ಇಬ್ಬರೂ ನೋಡಿದ್ದು ಒಂದೇ ಯೋಜನೆಯ ಬೇರೆ ಬೇರೆ ಕೊಠಡಿಗಳನ್ನು.

ಆ ಗ್ರಾಮ ಆಡಳಿತ ಅಧಿಕಾರಿಯ ಚೀಲದಲ್ಲಿ ತಮ್ಮ ಕಡತದ ಜೊತೆಗೆ ಏನೇನಿರುತ್ತದೆ ಎಂಬುದನ್ನು ಒಮ್ಮೆ ಗಮನಿಸಿ. ಆಷಾಢದ ಮಳೆಗೆ ಗೋಡೆ ಕುಸಿದ ಮನೆಗಳ ಮಹಜರು, ಬೆಳೆ ಸಮೀಕ್ಷೆ, ಪಿಂಚಣಿ ಅರ್ಜಿಗಳ ವರದಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಪರಿಶೀಲನೆ, ಚುನಾವಣೆ ಬಂದರೆ ಮತದಾರರ ಪಟ್ಟಿ. ಗೋಡೆ ಬಿದ್ದ ಮನೆಯ ಮಹಜರಿಗೆ ಶಾಸಕರಿಂದಲೂ ತಹಶೀಲ್ದಾರರಿಂದಲೂ ದೂರವಾಣಿ ಕರೆ ಬರುತ್ತದೆ. ಪೌತಿ ಖಾತೆಗೆ ಯಾರೂ ಕರೆ ಮಾಡುವುದಿಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್ಕಿ 1980ರಲ್ಲಿ ಮಂಡಿಸಿದ ವಿಚಾರದ ತಿರುಳೂ ಇದೇ: ಜನರನ್ನು ನೇರವಾಗಿ ಎದುರಿಸುವ ಕೆಳಹಂತದ ನೌಕರರಿಗೆ ಬೇಡಿಕೆ ಮುಗಿಯುವುದಿಲ್ಲ, ಸಮಯ ಸಾಲುವುದಿಲ್ಲ, ಆದ್ದರಿಂದ ಯಾವುದು ಮೊದಲು, ಯಾರನ್ನು ‘ನಾಳೆ ಬನ್ನಿ’ ಎಂದು ಕಳುಹಿಸಬೇಕು ಎಂಬುದಕ್ಕೆ ಅವರು ತಮ್ಮದೇ ರೂಢಿಗಳನ್ನು ಮಾಡಿಕೊಳ್ಳುತ್ತಾರೆ, ಮತ್ತು ಸರ್ಕಾರದ ನೀತಿಯೆಂದು ಜನರಿಗೆ ಅಂತಿಮವಾಗಿ ಮುಟ್ಟುವುದು ಆ ರೂಢಿಗಳೇ. ಲಂಚಕ್ಕೆ ಇದು ಸಮರ್ಥನೆಯಲ್ಲ. ಆದರೆ ಲಂಚ ಕೇಳದ ನೌಕರರ ಬಳಿಯೂ ಕಡತ ಏಕೆ ಕೂರುತ್ತದೆ ಎಂಬುದಕ್ಕೆ ಇದಕ್ಕಿಂತ ಸಮರ್ಪಕ ವಿವರಣೆಯನ್ನು ನಾನು ಓದಿಲ್ಲ.

ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಿಂದ ಏನೂ ಆಗಲಿಲ್ಲವೆಂದು ತಾವು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ. 2012ರ ಏಪ್ರಿಲ್ 2ರಂದು 151 ಸೇವೆಗಳೊಂದಿಗೆ ರಾಜ್ಯಾದ್ಯಂತ ಜಾರಿಗೆ ಬಂದ ಆ ಕಾಯ್ದೆ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಧನ ನಿಗದಿಪಡಿಸಿತು. ಮೊತ್ತ ಚಿಕ್ಕದಾದರೂ ಗಡುವೆಂಬುದು ನಾಗರಿಕರ ಹಕ್ಕಾಯಿತು. ಅದರ ಜೊತೆಗೆ, ಅರ್ಜಿ ಕೊಟ್ಟರೂ ಸ್ವೀಕೃತಿ ಸಂಖ್ಯೆ ಕೊಡದೆ ‘ಎಲ್ಲ ಸರಿಯಾದ ಮೇಲೆ ನಮೂದಿಸೋಣ’ ಎಂದು ಮೇಜಿನ ಮೇಲೆ ಇಟ್ಟುಕೊಳ್ಳುವ, ಇಲ್ಲವೇ ಗಡುವಿನ ಹಿಂದಿನ ದಿನ ಕ್ಷುಲ್ಲಕ ಕೊರತೆ ತೋರಿಸಿ ತಿರಸ್ಕರಿಸುವ ಬಗ್ಗೆ ದೂರುಗಳೂ ನಮ್ಮ ಪತ್ರಿಕೆಗೆ ಬರುತ್ತಲೇ ಇವೆ. ಒಂದು ಅಂಕಿಯನ್ನು ಆಡಳಿತದ ಅಳತೆಗೋಲಾಗಿ ಹೆಚ್ಚು ಹೆಚ್ಚು ಬಳಸಿದಷ್ಟೂ ಆ ಅಂಕಿಯೇ ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಗಡುವಿನೊಳಗೆ ವಿಲೇವಾರಿಯಾದ ಅರ್ಜಿಗಳ ಪಟ್ಟಿ ಓದುವಾಗ, ಪಟ್ಟಿಗೇ ಸೇರದ ಅರ್ಜಿಗಳನ್ನು ಎಣಿಸುವವರು ಯಾರು ಎಂದು ಕೇಳುವುದನ್ನು ನಾನು ಕಲಿತದ್ದು ಇಂಥ ಬರಹಗಳಿಂದ.

ಕಂಪನಿ ಮಾದರಿಯ ಬಗ್ಗೆ ಹೆಚ್ಚು ಹೇಳಲಾರೆ. ಕಾಫಿ ಬೆಳೆಗಾರರಾದ ತಾವು ಪೂಲ್ ಪದ್ಧತಿಯ ಕಥೆ ಬಲ್ಲಿರಿ: ಕಾಫಿ ಮಂಡಳಿಗೆ ಬೆಳೆ ಒಪ್ಪಿಸಿ ಕಂತಿನ ಹಣಕ್ಕಾಗಿ ಕಾಯುತ್ತಿದ್ದ ಕಾಲ 1996ರ ಹೊತ್ತಿಗೆ ಮುಗಿಯಿತು, ಮಾರುವ ಸ್ವಾತಂತ್ರ್ಯ ಬಂತು, ಬೆಲೆ ಕುಸಿತದ ಭಾರವೂ ಬೆಳೆಗಾರರ ಹೆಗಲಿಗೇ ಬಂತು. ಆದರೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವನ್ನು ಮಾರುಕಟ್ಟೆಗೆ ಬಿಡಬೇಕೆಂದು ಮಲೆನಾಡಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಯಾವ ಕೆಲಸ ಯಾರಿಗೆ ಒಪ್ಪುತ್ತದೆ ಎಂಬುದನ್ನು ಬಿಡಿಬಿಡಿಯಾಗಿಯೇ ನೋಡಬೇಕಾಗುತ್ತದೆ.

ಇನ್ನು ಸಂಶೋಧಕರ ಮೇಲೆ ತಮಗಿರುವ ಸಿಟ್ಟು. ಅದರಲ್ಲಿ ಅರ್ಧಕ್ಕೆ ನನ್ನ ಸಹಮತವಿದೆ. ನಮ್ಮ ಕಚೇರಿಗಳ ಮೇಲೆ ನಡೆದ ಅಧ್ಯಯನಗಳು ಬಹುಪಾಲು ಇಂಗ್ಲಿಷಿನಲ್ಲಿ ಪ್ರಕಟವಾಗುತ್ತವೆ. ಪ್ರಶ್ನಾವಳಿ ತುಂಬಿಕೊಟ್ಟ ಗುಮಾಸ್ತರಿಗಾಗಲಿ ಅರ್ಜಿದಾರರಿಗಾಗಲಿ ಫಲಿತಾಂಶ ತಲುಪುವುದಿಲ್ಲ. ಅಧಿಕಾರಿಗಳ ಕೊಠಡಿಯಲ್ಲಿ ಕಾಫಿ ಕುಡಿದು ಬರೆದ ವರದಿಗಳೂ ಇವೆ. ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನವರೇ ಆದ ಹಾರನಹಳ್ಳಿ ರಾಮಸ್ವಾಮಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 2001ರಲ್ಲಿ ವರದಿ ಕೊಟ್ಟಿತು. ಎರಡು ದಶಕಗಳ ನಂತರ ಟಿ.ಎಂ. ವಿಜಯಭಾಸ್ಕರ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ಬಂತು. ಮೊದಲನೆಯದರ ಶಿಫಾರಸುಗಳಲ್ಲಿ ಯಾವುದು ಯಾವ ತಾಲ್ಲೂಕಿನಲ್ಲಿ ಏನಾಯಿತು ಎಂದು ಹಳ್ಳಿ ಹಳ್ಳಿ ತಿರುಗಿ ನೋಡುವ ಕೆಲಸವೇ ಸಂಶೋಧಕರು ಮಾಡಬೇಕಾದದ್ದು, ಮತ್ತು ಅದಕ್ಕೆ ಸಿಗುವ ಹಣವೂ ಮರ್ಯಾದೆಯೂ ಕಡಿಮೆ.

ತಮ್ಮ ಕಡತದ ವಿಷಯದಲ್ಲಿ ಒಂದು ಸಲಹೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ, ಅರ್ಜಿ ಯಾವ ದಿನಾಂಕದಂದು ಯಾರ ಮೇಜಿಗೆ ಹೋಯಿತು, ಅಲ್ಲಿಂದ ಯಾವಾಗ ಹೊರಟಿತು ಎಂಬುದನ್ನು ಮಾತ್ರ ಕೇಳಿ. ‘ಏಕೆ ತಡವಾಯಿತು’ ಎಂದು ಕೇಳಬೇಡಿ, ಅದಕ್ಕೆ ಹಾರಿಕೆಯ ಉತ್ತರ ಬರುತ್ತದೆ. ಟಿಪ್ಪಣಿ ಹಾಳೆಯ ದೃಢೀಕೃತ ನಕಲನ್ನೂ ಕೇಳಿ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿರುವ ಇತರ ಓದುಗರೂ, ಖಾತೆ ಬೇಗ ಆದವರನ್ನೂ ಸೇರಿಸಿ, ಇದೇ ವಿವರವನ್ನು ಹೆಸರು ಮತ್ತು ಸರ್ವೆ ನಂಬರ್ ಅಳಿಸಿ ಪತ್ರಿಕೆಗೆ ಕಳುಹಿಸಿದರೆ, ತಾಲ್ಲೂಕುವಾರು ಹೋಲಿಸಿ, ಕಡತ ಹೆಚ್ಚು ದಿನ ಕೂರುವುದು ಯಾವ ಹಂತದಲ್ಲಿ ಎಂಬುದನ್ನು ಪ್ರಕಟಿಸಲು ನಾವು ಸಿದ್ಧರಿದ್ದೇವೆ.

ಇಂತಿ,
ಸಂಪಾದಕ