ನಿಮ್ಮ 56 ಕೆ.ಜಿ.ಯನ್ನು ಅಮೆರಿಕದ ತಕ್ಕಡಿಯಲ್ಲಿ ಇಡಬೇಡಿ

ನೀವು ಕೇಳಿರುವುದು ಇಷ್ಟು. ನೀವು ಗಂಗಾವತಿಯವರು, ವಯಸ್ಸು 23, ಎತ್ತರ 168 ಸೆಂ.ಮೀ., ತೂಕ 56 ಕೆ.ಜಿ. ಅಮೆರಿಕದ ಗಂಡಸರ ಸರಾಸರಿ ತೂಕ 90 ಕೆ.ಜಿ. ಎಂದು ಓದಿದ ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ. ನಿಮ್ಮ ತಂದೆಯವರು 166 ಸೆಂ.ಮೀ. ಎತ್ತರ, 78 ಕೆ.ಜಿ. ತೂಕ, ‘ಅಪ್ಪನ ಮೈಕಟ್ಟು ಮಗನಿಗೆ ಬರಲಿಲ್ಲ’ ಎಂದು ನೆಂಟರೆಲ್ಲ ಆಡುತ್ತಾರೆ. ನಮ್ಮ ಜನರೇ ದುರ್ಬಲರೇ, ತೂಕ ಹೆಚ್ಚಿಸುವ ಪುಡಿಯ ಡಬ್ಬಿ ತಂದು ಕುಡಿಯಬೇಕೇ ಎಂಬುದು ನಿಮ್ಮ ಪ್ರಶ್ನೆ.

ಡಬ್ಬಿ ಬೇಡ. ಅದರಲ್ಲಿ ಬಹುಪಾಲು ಇರುವುದು ಸಕ್ಕರೆ ಮತ್ತು ಪಿಷ್ಟ. ಆ ದುಡ್ಡಿಗೆ ಶೇಂಗಾ, ಮೊಟ್ಟೆ, ಬೇಳೆ ತನ್ನಿ. ಉಳಿದ ಮಾತಿಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ನಿಮ್ಮಂತೆ ಯೋಚಿಸಿಯೇ ನಾನು ನನ್ನ ಆರೋಗ್ಯದ ವಿಷಯದಲ್ಲಿ ಮೋಸ ಹೋದವನು.

ನಾನು ವೈದ್ಯನಲ್ಲ. ರಾಯಚೂರಿನ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತ. ಇಪ್ಪತ್ತೊಂದು ವರ್ಷಗಳಿಂದ ತೂಕ ಬರೆಯುವುದೇ ಕೆಲಸ. ಕಳೆದ ಭತ್ತದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ, ಚಹಾ ಬರುವುದು ತಡವಾಗಿ ಎಲ್ಲರೂ ಕಾದು ಕುಳಿತಿದ್ದಾಗ, ಹಮಾಲರಲ್ಲಿ ಒಬ್ಬ ಕಾಟಾ ಹತ್ತಿದ. ಹತ್ತುವ ಮೊದಲು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಅದರ ತೂಕ ಸೇರಬಾರದೆಂದು ನನ್ನ ಕೈಗೆ ಕೊಟ್ಟ. ಕೆಂಪು ಅಂಕಿ 52ಕ್ಕೆ ಬಂದು ನಿಂತಿತು. ಅವನ ಹಿಂದೆ ಇನ್ನೈದು ಜನ ಹತ್ತಿದರು: 47, 50, 51, 54, 54. ಆಮೇಲೆ ಮಾಲೀಕರು: 94. ಕೊನೆಗೆ ನಾನು: 63. ಪುಸ್ತಕದ ಹಿಂದಿನ ಪುಟದಲ್ಲಿ ಕೂಡಿಸಿ ಎಂಟರಿಂದ ಭಾಗಿಸಿದೆ. 58 ಬಂತು. ನಮ್ಮ ಎಂಟು ಜನರಲ್ಲಿ 58ರ ಹತ್ತಿರ ಇದ್ದವರು ಒಬ್ಬರೂ ಇಲ್ಲ.

ದೇಶದ ಸರಾಸರಿ ಎಂದರೂ ಇದೇ ಲೆಕ್ಕ, ಜನ ಮಾತ್ರ ಕೋಟಿಗಟ್ಟಲೆ. 2005ರ ಅಂಕಿಗಳನ್ನು ಇಟ್ಟುಕೊಂಡು ಲಂಡನ್ನಿನ ಸಂಶೋಧಕರು ಭೂಮಿಯ ಮೇಲಿನ ಎಲ್ಲ ವಯಸ್ಕರ ತೂಕವನ್ನು ಅಂದಾಜು ಮಾಡಿ 2012ರಲ್ಲಿ ಪ್ರಕಟಿಸಿದರು. ಒಟ್ಟು 28.7 ಕೋಟಿ ಟನ್. ಪ್ರಪಂಚದ ಸರಾಸರಿ 62 ಕೆ.ಜಿ., ಉತ್ತರ ಅಮೆರಿಕದ್ದು 80.7, ಯುರೋಪಿನದು 70.8, ಆಫ್ರಿಕಾದ್ದು 60.7, ಏಷ್ಯಾದ್ದು 57.7. ಗಂಜ್‌ನ ಭಾಷೆಯಲ್ಲಿ ಹೇಳುವುದಾದರೆ, ಒಂದು ಟನ್ ಆಗಬೇಕಾದರೆ 75 ಕೆ.ಜಿ.ಯ ಭತ್ತದ ಚೀಲ ಹದಿಮೂರಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಉತ್ತರ ಅಮೆರಿಕದ ಜನ ಸುಮಾರು ಹನ್ನೆರಡು ಸಾಕು. ಏಷ್ಯಾದ ಜನ ಸುಮಾರು ಹದಿನೇಳು ಬೇಕು. ಜಗತ್ತಿನ ಜನಸಂಖ್ಯೆಯಲ್ಲಿ ಶೇ. 6ರಷ್ಟಿರುವ ಉತ್ತರ ಅಮೆರಿಕದವರು ಬೊಜ್ಜಿನಿಂದ ಸೇರಿದ ತೂಕದಲ್ಲಿ ಶೇ. 34ರಷ್ಟನ್ನು ಹೊತ್ತಿದ್ದರು.

ಈಗ ನಿಮ್ಮ ಮತ್ತು ಆ ಅಮೆರಿಕದವನ ನಡುವಿನ ಅಂತರವನ್ನು ಬಿಡಿಸಿ ನೋಡೋಣ. ಆ 90 ಕೆ.ಜಿ. ಸುಳ್ಳಲ್ಲ. 2015ರಿಂದ 2018ರವರೆಗೆ ಅಲ್ಲಿನ ಸರ್ಕಾರ ಇಪ್ಪತ್ತು ದಾಟಿದ ಗಂಡಸರನ್ನು ತೂಗಿದಾಗ ಸರಾಸರಿ 90.6 ಕೆ.ಜಿ., ಎತ್ತರ 175 ಸೆಂ.ಮೀ. ಬಂದಿತ್ತು. ಇದರಲ್ಲಿ ಎಪ್ಪತ್ತರ ಮುದುಕರೂ ಇದ್ದಾರೆ, ನಲವತ್ತೈದರ ಸಂಸಾರಸ್ಥರೂ ಇದ್ದಾರೆ. ತೂಕ ಸಾಮಾನ್ಯವಾಗಿ ನಡುವಯಸ್ಸಿನವರೆಗೆ ಏರುತ್ತಲೇ ಹೋಗುತ್ತದೆ. 23ರ ನಿಮ್ಮನ್ನು ಅವರೆಲ್ಲರ ಸರಾಸರಿಯ ಪಕ್ಕ ನಿಲ್ಲಿಸುವುದೇ ಮೊದಲ ತಪ್ಪು. ಇನ್ನು ಎತ್ತರ. ನಿಮ್ಮದೇ ಮೈಕಟ್ಟು ಹಾಗೆಯೇ ಉಳಿದು ನೀವು 175 ಸೆಂ.ಮೀ. ಇದ್ದಿದ್ದರೆ 61 ಕೆ.ಜಿ. ತೂಗುತ್ತಿದ್ದಿರಿ. ಅಂದರೆ 34 ಕೆ.ಜಿ. ಅಂತರದಲ್ಲಿ ಎತ್ತರದ ಪಾಲು ಐದು. ಮಿಕ್ಕದ್ದರಲ್ಲಿ ಬಹುಪಾಲು ಅವರು ಇತ್ತೀಚೆಗೆ ಗಳಿಸಿಕೊಂಡದ್ದು. 1960ರ ಸುಮಾರಿಗೆ ಅದೇ ಅಮೆರಿಕದ ಗಂಡಸು ಸರಾಸರಿ 75 ಕೆ.ಜಿ. ಇದ್ದ. ಅಲ್ಲಿಂದ ಈಚೆಗೆ ಎತ್ತರ ಹೆಚ್ಚಿದ್ದು ಒಂದು ಅಂಗುಲದಷ್ಟು, ತೂಕ ಹೆಚ್ಚಿದ್ದು ಹದಿನೈದು ಕೆ.ಜಿ. ಇಂದಿನ ಅಮೆರಿಕದ ಹೆಂಗಸಿನ ಸರಾಸರಿ 77.5 ಕೆ.ಜಿ.; ಅಂದಿನ ಗಂಡಸಿಗಿಂತಲೂ ಹೆಚ್ಚು. ಎರಡೇ ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ತಟ್ಟೆ, ದುಡಿಮೆ, ಓಡಾಟ. ಆ ಸರಾಸರಿಯನ್ನು ಅವರ ವೈದ್ಯರೇ ಕಾಯಿಲೆಯ ಲಕ್ಷಣವೆಂದು ನೋಡುತ್ತಾರೆ. ನೀವು ಅದನ್ನು ಮುಟ್ಟಬೇಕಾದ ಗುರಿ ಎಂದುಕೊಂಡಿದ್ದೀರಿ.

ಪೆಸಿಫಿಕ್ ಸಾಗರದ ದ್ವೀಪಗಳ ಕಥೆ ಇನ್ನೂ ನೋವಿನದು. ಟೊಂಗಾ, ಸಮೋವಾ, ನೌರು ದೇಶಗಳಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬೊಜ್ಜು. ಮೀನು, ಗೆಡ್ಡೆ, ತೆಂಗು ತಿಂದು ಬದುಕುತ್ತಿದ್ದ ಜನ. ಈಗ ಹೊರಗಿನಿಂದ ಡಬ್ಬಿಯ ಮಾಂಸ, ಮೈದಾ, ಸಕ್ಕರೆ ಹಡಗಿನಲ್ಲಿ ಬರುತ್ತದೆ. ಬೇರೆ ದೇಶದವರು ತಿನ್ನದೆ ಬಿಡುವ, ಕೊಬ್ಬು ತುಂಬಿರುವ ಟರ್ಕಿ ಕೋಳಿಯ ಬಾಲದ ಭಾಗವನ್ನು ಅಲ್ಲಿಗೆ ಅಗ್ಗಕ್ಕೆ ಮಾರುತ್ತಿದ್ದರು. ಸಮೋವಾ 2007ರಲ್ಲಿ ಅದರ ಆಮದನ್ನು ನಿಷೇಧಿಸಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಆ ನಿಷೇಧವನ್ನು ತೆಗೆಯಲು ಒಪ್ಪಬೇಕಾಯಿತು. ಮಾರುಕಟ್ಟೆಯಲ್ಲೇ ಬದುಕುವ ನನಗೆ ಇದನ್ನು ಓದಿ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಒಂದು ದೇಶದ ಜನ ಎಷ್ಟು ತೂಗುತ್ತಾರೆ ಎಂಬುದನ್ನು ಬಂದರಿಗೆ ಬರುವ ಸರಕೂ ತೀರ್ಮಾನಿಸುತ್ತದೆ. ಜಪಾನ್ ಅಷ್ಟು ಶ್ರೀಮಂತ ದೇಶ, ಮುದುಕರೇ ಹೆಚ್ಚಿರುವ ದೇಶ. ಆದರೂ ಅಲ್ಲಿ ಬೊಜ್ಜು ಬಹಳ ಕಡಿಮೆ. 1954ರಿಂದ ಶಾಲೆಯ ಊಟಕ್ಕೆ ಅಲ್ಲಿ ಕಾಯ್ದೆಯೇ ಇದೆ. 2008ರಿಂದ 40 ದಾಟಿದವರ ಆರೋಗ್ಯ ತಪಾಸಣೆಯಲ್ಲಿ ಸೊಂಟದ ಸುತ್ತಳತೆ ತೆಗೆಯುತ್ತಾರೆ.

‘ನಮ್ಮ ಜನರೇ ದುರ್ಬಲರೇ?’ ಎಂಬ ನಿಮ್ಮ ಮಾತು ನನ್ನನ್ನು ಹೆಚ್ಚು ಕಾಡಿತು. ನನ್ನ ಹೆಂಡತಿ ರಾಯಚೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ತೊಲೆಗೆ ತೂಗುಹಾಕಿದ ತಕ್ಕಡಿಯಲ್ಲಿ ಮಗುವನ್ನು ಕೂರಿಸಿ, ಮುಳ್ಳು ಅಲ್ಲಾಡುವುದು ನಿಲ್ಲುವವರೆಗೆ ಅದರ ಪಾದವನ್ನು ಮೆಲ್ಲಗೆ ಹಿಡಿದುಕೊಂಡು, ಆಮೇಲೆ ಕೈಬಿಟ್ಟು, ಪಟದಲ್ಲಿ ಚುಕ್ಕೆ ಇಡುತ್ತಾಳೆ. ಚುಕ್ಕೆ ಹಸಿರಿನಲ್ಲಿ ಬಿದ್ದರೆ ಸಮಾಧಾನ, ಹಳದಿಗೆ ಇಳಿದರೆ ಆ ದಿನ ಮನೆಗೆ ಬಂದರೂ ಅದೇ ಮಾತು. ಆ ಪಟದ ಗೆರೆಗಳು ಎಲ್ಲಿಂದ ಬಂದವು ಗೊತ್ತೇ? ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಆ ಮಾನದಂಡ ಕೊಟ್ಟಿತು. ತಾಯಿಯ ಹಾಲು, ಸರಿಯಾದ ಊಟ, ಚೊಕ್ಕಟ ಮನೆ ಸಿಕ್ಕ ಮಕ್ಕಳು ದಿಲ್ಲಿಯಲ್ಲೂ ಓಸ್ಲೋದಲ್ಲೂ ಹೆಚ್ಚುಕಡಿಮೆ ಒಂದೇ ಸಮ ಉದ್ದ ಬೆಳೆದರು. ಹುಟ್ಟಿನಿಂದ ಕುಳ್ಳರು, ಹುಟ್ಟಿನಿಂದ ದುರ್ಬಲರು ಎಂಬ ಜಾತಿ ಇಲ್ಲ. ಗರ್ಭದಲ್ಲಿ ಮತ್ತು ಮೊದಲ ವರ್ಷಗಳಲ್ಲಿ ಸಿಗದೆ ಹೋದದ್ದು ಮುಂದೆ ಮೈಯಲ್ಲಿ ಕಾಣುತ್ತದೆ, ಅಷ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇ. 18.7ರಷ್ಟು ಜನ ಎತ್ತರಕ್ಕೆ ತಕ್ಕ ತೂಕವಿಲ್ಲದೆ ತೆಳ್ಳಗಿದ್ದಾರೆ. ಅದೇ ಸಮೀಕ್ಷೆಯಲ್ಲಿ ಶೇ. 24ರಷ್ಟು ಹೆಂಗಸರ ತೂಕ ಹೆಚ್ಚು. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಎಲ್ಲ ಸರಿಯಾಗಿದೆ ಎಂಬಂತೆ ಕಾಣುತ್ತದೆ. ನಮ್ಮ ಕಾಟಾದ 58ರ ಹಾಗೆ.

ಆ 52 ಕೆ.ಜಿ.ಯ ಹಮಾಲ ಚಹಾ ಕುಡಿದು ಎದ್ದು 75 ಕೆ.ಜಿ.ಯ ಚೀಲವನ್ನು ಬೆನ್ನಿಗೆ ಏರಿಸಿಕೊಂಡು ಲಾರಿಯ ಹಲಗೆ ಹತ್ತಿದ. ಅವನನ್ನು ದುರ್ಬಲ ಎನ್ನಲು ನನಗೆ ನಾಲಿಗೆ ಬಾರದು. ಆದರೆ ಅವನ ಮೈಗೆ ಅದು ಅನ್ಯಾಯ ಎಂಬುದೂ ನಿಜ. ಒಬ್ಬ ಗಂಡಾಳು ಹೊರುವ ಹೊರೆ 55 ಕೆ.ಜಿ. ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ.

ಈಗ ನನ್ನ ವಿಷಯ. ನನ್ನ ಎತ್ತರ 167 ಸೆಂ.ಮೀ., ತೂಕ 63 ಕೆ.ಜಿ. ಮುಖ ಸಣ್ಣಗೆ, ಕೈಕಾಲು ಸಣ್ಣಗೆ. ಯಾರು ನೋಡಿದರೂ ‘ನಿನಗೇನಪ್ಪಾ, ಕಡ್ಡಿಯ ಹಾಗಿದ್ದೀಯ’ ಎನ್ನುವವರೇ. ನಾನೂ ನಂಬಿದ್ದೆ. ಮೂರು ವರ್ಷದ ಹಿಂದೆ ಗಂಜ್‌ನಲ್ಲಿ ತಪಾಸಣಾ ಶಿಬಿರ ನಡೆದಾಗ ಬೇರೆಯವರ ಜೊತೆ ಸಾಲಿನಲ್ಲಿ ನಿಂತೆ. ಖಾಲಿ ಹೊಟ್ಟೆಯ ಸಕ್ಕರೆ 178. ಆಗ ನನಗೆ ನಲವತ್ತೊಂದು. ಯಂತ್ರ ಕೆಟ್ಟಿದೆ ಎಂದು ವಾದಿಸಿದೆ. ಶಿಬಿರದಲ್ಲಿದ್ದ ವೈದ್ಯೆ ಮತ್ತೊಮ್ಮೆ ಬೆರಳು ಚುಚ್ಚಿ ನೋಡಿ, ಅಂಗಿ ಎತ್ತಲು ಹೇಳಿ ಸೊಂಟಕ್ಕೆ ಟೇಪು ಸುತ್ತಿದರು. 93 ಸೆಂ.ಮೀ. ‘ತೂಕ ಎಲ್ಲಿದೆ ನೋಡಿ’ ಎಂದರು.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ತಮ್ಮಿಬ್ಬರದೇ ಫೋಟೊ ಹಾಕಿ 2004ರಲ್ಲಿ ಒಂದು ಪುಟದ ಲೇಖನ ಬರೆದಿದ್ದಾರೆ. ಇಬ್ಬರ ಬಿಎಂಐ, ಅಂದರೆ ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ, ಒಂದೇ, 22.3. ಆದರೆ ಬಿಳಿಯ ವೈದ್ಯರ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮ ವೈದ್ಯರ ಮೈಯಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿರುತ್ತದೆ, ಮಾಂಸಖಂಡ ಕಡಿಮೆಯಿರುತ್ತದೆ. ಅದರ ಬೇರು ಹುಟ್ಟಿನಲ್ಲೇ ಇದೆ. ಪುಣೆ ಬಳಿಯ ಹಳ್ಳಿಗಳ ಕೂಸುಗಳು ಹುಟ್ಟುವಾಗ ಸರಾಸರಿ 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳು 3.5 ಕೆ.ಜಿ. ನಮ್ಮ ಕೂಸುಗಳಲ್ಲಿ ಕಡಿಮೆಯಾದದ್ದು ಮಾಂಸಖಂಡ, ಒಳಗಿನ ಅಂಗಗಳು. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಊಟದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗ ಮಾಂಸಖಂಡವೇ. ಅದು ಕಡಿಮೆಯಿದ್ದು, ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೊಬ್ಬು ತುಂಬಿದರೆ ಇನ್ಸುಲಿನ್ ಸೋಲುತ್ತದೆ. ಅದಕ್ಕೇ ಜಗತ್ತಿಗೆಲ್ಲ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಎನ್ನುವ ಬಿಎಂಐ ಗೆರೆಯನ್ನು ನಮ್ಮ ದೇಶದ ತಜ್ಞರು 2009ರಲ್ಲಿ 23ಕ್ಕೆ ಮತ್ತು 25ಕ್ಕೆ ಇಳಿಸಿದರು. ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ನಮ್ಮ ಭಾಗದ ಊಟವನ್ನೂ ಇಲ್ಲಿ ನೆನೆಯಬೇಕು. ನನ್ನ ಅಜ್ಜ ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂಡಿ ತಿಂದು ಎಂಬತ್ತು ದಾಟಿದರು. ಅನ್ನ ಹಬ್ಬಕ್ಕೆ ಮಾತ್ರ. ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಗಂಗಾವತಿ, ಸಿಂಧನೂರು ಸೀಮೆಯೆಲ್ಲ ಭತ್ತದ ಗದ್ದೆಯಾಯಿತು. ಆ ಭತ್ತವೇ ನನಗೆ ಅನ್ನ ಕೊಟ್ಟಿದೆ, ಅದನ್ನು ದೂರುವುದಿಲ್ಲ. ಆದರೆ ಹೊಲದಲ್ಲಿ ದುಡಿದ ಅಜ್ಜನ ಮೊಮ್ಮಗ ಕುರ್ಚಿಯಲ್ಲಿ ಕುಳಿತು ಬೆಳಿಗ್ಗೆ ಒಗ್ಗಾಣಿ ಮಿರ್ಚಿ, ಮಧ್ಯಾಹ್ನ ರಾತ್ರಿ ಬಿಳಿ ಅನ್ನ, ನಡುವೆ ಆರು ಸಲ ಸಕ್ಕರೆ ಹಾಕಿದ ಚಹಾ ಎಂದು ಇಪ್ಪತ್ತು ವರ್ಷ ಕಳೆದರೆ 63 ಕೆ.ಜಿ.ಯಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಈಗ ರಾತ್ರಿ ರೊಟ್ಟಿಗೆ ಮರಳಿದ್ದೇನೆ, ದಿನಕ್ಕೊಂದು ಗಂಟೆ ನಡೆಯುತ್ತೇನೆ, ಮಾತ್ರೆ ತಪ್ಪಿಸುವುದಿಲ್ಲ. ಸೊಂಟ 87ಕ್ಕೆ ಇಳಿದಿದೆ.

ನಿಮ್ಮ ಲೆಕ್ಕ ಮಾಡಿದೆ. 56ನ್ನು 1.68ರ ವರ್ಗದಿಂದ ಭಾಗಿಸಿದರೆ ಬಿಎಂಐ 19.8. ಆರೋಗ್ಯದ ಗೆರೆ 18.5ರಿಂದ ಶುರು. ನೀವು ಅದರೊಳಗೇ ಇದ್ದೀರಿ. ತೂಕ ತಾನಾಗಿ ಇಳಿಯುತ್ತಿದ್ದರೆ, ಹಸಿವಿಲ್ಲದಿದ್ದರೆ, ಕೆಮ್ಮು ಅಥವಾ ಸಂಜೆಯ ಜ್ವರ ಇದ್ದರೆ ಕೂಡಲೇ ವೈದ್ಯರ ಬಳಿಗೆ ಹೋಗಿ. ಅದೇನೂ ಇಲ್ಲವಾದರೆ ಮಾಂಸಖಂಡ ಬೆಳೆಯುವ ಕೆಲಸ ಮಾಡಿ: ದಂಡ, ಬಸ್ಕಿ, ಭಾರ ಎತ್ತುವುದು, ಜೊತೆಗೆ ಪ್ರತಿ ಊಟದಲ್ಲಿ ಕಾಳು ಅಥವಾ ಮೊಟ್ಟೆ. ಎರಡು ವರ್ಷದಲ್ಲಿ 60 ಆದರೂ ಒಳ್ಳೆಯದು, ಆಗದಿದ್ದರೂ ಚಿಂತೆಯಿಲ್ಲ.

ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು ನಿಮ್ಮ ತಂದೆಯವರ ಅಂಕಿಯ ಮೇಲೆ. 166 ಸೆಂ.ಮೀ.ಗೆ 78 ಕೆ.ಜಿ. ಅಮೆರಿಕದ ಸರಾಸರಿಗಿಂತ ಅವರು ಹನ್ನೆರಡು ಕೆ.ಜಿ. ಕಡಿಮೆ. ಆದರೆ ಬಿಎಂಐ 28.3, ನಮ್ಮ ದೇಶದ ಗೆರೆಯ ಪ್ರಕಾರ ಅದು ಬೊಜ್ಜು. ನೆಂಟರು ಹೊಗಳುತ್ತಿರುವುದು ಅದನ್ನೇ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಂದು ದಾರ ತೆಗೆದುಕೊಂಡು ಅವರ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿ. ಆ ದಾರವನ್ನು ಅರ್ಧಕ್ಕೆ ಮಡಚಿ, ಉಸಿರು ಬಿಟ್ಟು ನಿಂತಾಗ ಹೊಕ್ಕುಳ ಮಟ್ಟದಲ್ಲಿ ಸೊಂಟಕ್ಕೆ ಸುತ್ತಿ. ಎರಡು ತುದಿ ಒಂದಕ್ಕೊಂದು ತಾಗದಿದ್ದರೆ, ನಾಳೆ ಬೆಳಿಗ್ಗೆ ಏನೂ ತಿನ್ನಿಸದೆ, ಚಹಾ ಕೂಡ ಕೊಡದೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮೂವತ್ತು ದಾಟಿದವರಿಗೆ ಸಕ್ಕರೆ, ರಕ್ತದೊತ್ತಡ ಎರಡನ್ನೂ ಅಲ್ಲಿ ಉಚಿತವಾಗಿ ನೋಡುತ್ತಾರೆ. ಬರಲು ಒಪ್ಪದಿದ್ದರೆ ನನ್ನ 178ರ ವಿಷಯ ಹೇಳಿ.